ಮೇಲ್ ಗಾಡಿಯ ಹನ್ನೊಂದು ನಿಮಿಷ

ನನ್ನ ಮಾವ, ಗಂಡನ ಅಪ್ಪ, ರೈಲ್ವೆಯಲ್ಲಿ ಮೂವತ್ತಾರು ವರ್ಷ ಕೆಲಸ ಮಾಡಿದರು. ಅಷ್ಟೂ ವರ್ಷದಲ್ಲಿ ಅವರು ರೈಲು ಹತ್ತಿದ್ದು ನಾಲ್ಕೇ ಸಲ. ಹೇಳಿದರೆ ಯಾರೂ ನಂಬುವುದಿಲ್ಲ.

ಅವರದು ಟೈಮ್‌ಟೇಬಲ್ ವಿಭಾಗ. ದೊಡ್ಡ ಕಚೇರಿಯ ಮೂರನೇ ಮಹಡಿ, ಕಿಟಕಿಯೇ ಇಲ್ಲದ ಕೋಣೆ, ಉದ್ದನೆಯ ಇಳಿಜಾರು ಮೇಜು, ಅದರ ಮೇಲೆ ಹೊದಿಕೆಯಷ್ಟು ಅಗಲದ ಚೌಕುಳಿ ಹಾಳೆ. ಹಾಳೆಯ ಎಡಬದಿಗೆ ಮೇಲಿಂದ ಕೆಳಗೆ ಸ್ಟೇಷನ್ನುಗಳ ಹೆಸರು, ನೆತ್ತಿಯ ಉದ್ದಕ್ಕೂ ದಿನದ ಇಪ್ಪತ್ತನಾಲ್ಕು ಗಂಟೆ. ಆ ಚೌಕುಳಿಯ ಮೇಲೆ ಓರೆಯಾಗಿ ಎಳೆದ ಒಂದೊಂದು ಗೆರೆಯೂ ಒಂದೊಂದು ರೈಲು. ಪ್ಯಾಸೆಂಜರಿಗೆ ಕಪ್ಪು, ಗೂಡ್ಸಿಗೆ ನೀಲಿ, ಟಪಾಲು ಹೊತ್ತು ವೇಗವಾಗಿ ಓಡುವ ಮೇಲ್ ಗಾಡಿಗೆ ಕೆಂಪು. ಖಾಲಿ ಬೋಗಿಗಳು ವಾಪಸು ಬರುವುದಿದ್ದರೆ ಚುಕ್ಕೆ ಗೆರೆ. ರೈಲು ಎಲ್ಲಾದರೂ ನಿಂತರೆ ನಿಂತಷ್ಟು ಹೊತ್ತು ಗೆರೆ ಅಡ್ಡಡ್ಡ ಮಲಗುತ್ತದೆ. ಒಂಟಿ ಹಳಿಯ ದಾರಿಯಲ್ಲಿ ಎರಡು ಗೆರೆಗಳು ಸ್ಟೇಷನ್ನಿನಲ್ಲಿ ಮಾತ್ರ ಒಂದನ್ನೊಂದು ದಾಟಬೇಕು. ನಡುದಾರಿಯಲ್ಲಿ ದಾಟಿದರೆ ಎರಡು ರೈಲು ಮುಖಾಮುಖಿ ಗುದ್ದಿದವು ಎಂದರ್ಥ. ಗೆರೆಗೆ ಗೆರೆ ತಾಗದಂತೆ ನೋಡಿಕೊಳ್ಳುವುದು, ಮಾವನ ಮೂವತ್ತಾರು ವರ್ಷದ ಕೆಲಸವೆಂದರೆ ಇಷ್ಟೇ.

ನಿವೃತ್ತರಾಗಿ ನಮ್ಮ ಜೊತೆ ಇರಲು ಬಂದವರು ಮನೆಯನ್ನೂ ಅದೇ ಹಾಳೆಯ ಮೇಲೆ ತಂದು ಕೂರಿಸಿದರು. ಸ್ನಾನ ಆರು ಹನ್ನೆರಡಕ್ಕೆ, ಊಟ ಒಂದು ಎಂಟಕ್ಕೆ. ಒಂದು ಎಂಟು ಎಂದರೆ ಒಂದು ಎಂಟೇ, ಒಂದು ಹತ್ತಾದರೆ ತಟ್ಟೆಯ ಮುಂದೆ ಕೂತು ಗಡಿಯಾರವನ್ನೂ ನನ್ನನ್ನೂ ಸರದಿಯ ಮೇಲೆ ನೋಡುತ್ತಿದ್ದರು. ನಮ್ಮ ಅತ್ತೆ ಬದುಕಿದ್ದಾಗ, 'ಇವರು ನನ್ನನ್ನ ಮದುವೆಯಾಗಿದ್ದೇ ಆ ಹೊತ್ತಿಗೆ ಬೇರೆ ಗಾಡಿ ಇರಲಿಲ್ಲ ಅಂತ' ಎಂದು ನಗಿಸುತ್ತಿದ್ದರಂತೆ. ನಡುಮನೆಯ ಗೋಡೆಯಲ್ಲಿ ಮಾವನದೊಂದು ಪ್ರಶಸ್ತಿಪತ್ರ ತೂಗುತ್ತಿತ್ತು. ಒಂದು ಕಷ್ಟದ ವಾರದಲ್ಲಿ ಮೇಲ್ ಗಾಡಿ ಒಂದು ನಿಮಿಷವೂ ತಡವಾಗದಂತೆ ನೋಡಿಕೊಂಡದ್ದಕ್ಕೆ, ಇಪ್ಪತ್ತಾರರ ವಯಸ್ಸಿಗೆ ಸಿಕ್ಕಿದ್ದು. ಅದರ ಮೇಲೆ ದೂಳು ಕೂರಲು ಅವರು ಬಿಡುತ್ತಿರಲಿಲ್ಲ. ಯಾವ ವಾರ, ಏನು ಕಷ್ಟ ಎಂದು ನಾನು ಕೇಳಿರಲಿಲ್ಲ. ನಾನು ಇತಿಹಾಸದ ಟೀಚರು, ನನ್ನ ಮನೆಯ ಗೋಡೆಯ ಮೇಲಿದ್ದುದನ್ನೇ ಓದಲಿಲ್ಲ. ಈ ಮಾತು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಹತ್ತನೇ ತರಗತಿಗೆ ಇತಿಹಾಸ ಹೇಳಿಕೊಡಲು ಶುರುಮಾಡಿದಾಗ ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ್ದು ಎರಡನೆಯ ಮಹಾಯುದ್ಧದ ಕಾಲದ ಯಹೂದಿಗಳ ನರಮೇಧದ ಪಾಠ. ಪುಸ್ತಕದಲ್ಲಿ ಅದಕ್ಕೆ ಅರ್ಧ ಪುಟ. ಅರವತ್ತು ಲಕ್ಷ ಜನ, ಅರ್ಧ ಪುಟ. ಮಕ್ಕಳಿಗೆ ಅದು ಎರಡು ಅಂಕದ ಪ್ರಶ್ನೆ. ಸಂಖ್ಯೆ ಬಾಯಿಪಾಠ ಮಾಡುತ್ತಿದ್ದರು, ಪರೀಕ್ಷೆ ಮುಗಿದ ಮೇಲೆ ಕೈ ತೊಳೆದುಕೊಳ್ಳುತ್ತಿದ್ದರು. ಒಂದು ವರ್ಷ ಸಿಟ್ಟು ಬಂದು ಫೋಟೋಗಳನ್ನು ತಂದು ತೋರಿಸಿದೆ. ಹಿಂದಿನ ಬೆಂಚಿನವನೊಬ್ಬ ಗಾಬರಿಗೆ ನಕ್ಕುಬಿಟ್ಟ, ಒಬ್ಬಳು ಹೊರಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಮಿಕ್ಕವರು ಅದನ್ನು ಮಾಡಿದವರು ರಾಕ್ಷಸರು, ಅಂಥವರು ಈಗ ಇಲ್ಲ, ಇದ್ದರೂ ನಮ್ಮ ಬೀದಿಯಲ್ಲಿ ಇಲ್ಲ ಎಂದು ನಿಶ್ಚಿಂತೆಯಾಗಿ ಮನೆಗೆ ಹೋದರು. ನನಗೆ ಬೇಕಾದದ್ದು ಆ ನಿಶ್ಚಿಂತೆಯನ್ನು ಕದಡುವ ಪಾಠ.

ಯಹೂದಿಗಳಲ್ಲಿ ಲಕ್ಷಾಂತರ ಜನರನ್ನು ಊರೂರುಗಳಿಂದ ಕೊಲ್ಲುವ ಜಾಗಕ್ಕೆ ಸಾಗಿಸಿದ್ದು ರೈಲಿನಲ್ಲಿ. ರೈಲು ಓಡಬೇಕಾದರೆ ಯಾರೋ ಕೂತು ಟೈಮ್‌ಟೇಬಲ್ ಹಾಕಿರಬೇಕು. ಒಂದು ಮಧ್ಯಾಹ್ನ ಒಂದು ಎಂಟಕ್ಕೆ ಸರಿಯಾಗಿ ಊಟ ಬಡಿಸಿ, ಆ ಕೆಲಸ ಮಕ್ಕಳಿಗೆ ಕಲಿಸಿಕೊಡಿ ಎಂದು ಮಾವನನ್ನು ಕೇಳಿದೆ. ಅವರ ಮುಖ ಗಂಟಾಯಿತು.

"ಯಾರೋ ಎಲ್ಲೋ ಮಾಡಿದ್ದಕ್ಕೆ ರೈಲಿನವರ ಮೇಲೆ ಗೂಬೆ ಕೂರಿಸ್ತೀಯೇನಮ್ಮಾ?"

ಎರಡು ದಿನ ಬಿಟ್ಟು, ಗೆರೆ ಎಳೆಯುವುದಷ್ಟೇ ತಮ್ಮ ಕೆಲಸ, ಮಿಕ್ಕಿದ್ದು ನನ್ನ ತಲೆನೋವು ಎಂಬ ಷರತ್ತಿನ ಮೇಲೆ ಒಪ್ಪಿದರು.

ಹಾಗೆ ಶುರುವಾಯಿತು. ಪಾಠಕ್ಕೆ ಎರಡು ಪೀರಿಯಡ್. ಮೊದಲನೆಯದು ಮಾವನದು. ಬೋರ್ಡಿನ ಮೇಲೆ ಹಾಳೆ ಅಂಟಿಸಿ, ಏಳು ಸ್ಟೇಷನ್ ಬರೆದು, ಗೆರೆ ಓದುವುದನ್ನು ಮಕ್ಕಳಿಗೆ ಕಲಿಸುತ್ತಿದ್ದರು. ನಾನು ಒಂದು ತಿಂಗಳಲ್ಲಿ ತಲೆಗೆ ತುಂಬಲಾರದ್ದನ್ನು ಅವರು ಇಪ್ಪತ್ತು ನಿಮಿಷದಲ್ಲಿ ತುಂಬುತ್ತಿದ್ದರು, ಹೊಟ್ಟೆಕಿಚ್ಚಾಗುತ್ತಿತ್ತು. ಆಮೇಲೆ ನಾಲ್ಕು ನಾಲ್ಕು ಜನರ ಗುಂಪು ಮಾಡಿ ಲೆಕ್ಕ ಕೊಡುವರು: ಇಲ್ಲಿಂದ ಅಲ್ಲಿಗೆ ಒಂದು ಸ್ಪೆಷಲ್ ಗಾಡಿ ಹೋಗಬೇಕು. ಐವತ್ತು ಮುಚ್ಚಿದ ಬೋಗಿ, ನಿಧಾನದ ಗಾಡಿ. ಹೋಗುವಾಗ ತುಂಬಿ, ಬರುವಾಗ ಖಾಲಿ. ಮೇಲ್ ಗಾಡಿಯನ್ನು ಮುಟ್ಟಕೂಡದು. ಮೊದಲು ದಾರಿ ಮಾಡಿಕೊಟ್ಟ ಗುಂಪಿಗೆ ತಮ್ಮ ಕೆಂಪು ಪೆನ್ಸಿಲ್ ಬಹುಮಾನ. ಮಕ್ಕಳು ಹಾಳೆಯ ಮೇಲೆ ಬಿದ್ದು ಒದ್ದಾಡುತ್ತಿದ್ದರು. 'ತಾತ, ನಮ್ಮದಾಯ್ತು' ಎಂದು ಕೂಗು ಬಂದರೆ ಮಾವ ಹೋಗಿ ನೋಡಿ, ಚೆನ್ನಾಗಿದ್ದರೆ ತಲೆಯ ಮೇಲೆ ಮೊಟಕುವರು. ಗೆರೆ ತಾತ ಎಂದು ಅವರಿಗೆ ಹೆಸರು ಬಿದ್ದದ್ದು ಹಾಗೆ.

ಎರಡನೆಯ ಪೀರಿಯಡ್ ನನ್ನದು. ಈಗ ನೀವು ದಾರಿ ಮಾಡಿಕೊಟ್ಟ ಆ ಸ್ಪೆಷಲ್‌ನಲ್ಲಿ ಏನಿತ್ತು ಎಂದು ಕೇಳುತ್ತಿದ್ದೆ. ಕಲ್ಲಿದ್ದಲು, ದನ, ಸಿಮೆಂಟು. ಇಲ್ಲ ಎಂದು ಆಮೇಲೆ ನಿಧಾನವಾಗಿ ಹೇಳುತ್ತಿದ್ದೆ. ಅಂಥ ಗಾಡಿಗಳಲ್ಲಿ ಇದ್ದದ್ದು ಯಹೂದಿಗಳು. ದರ್ಜಿಗಳು, ಟೀಚರುಗಳು, ಅಜ್ಜಿಯರು, ನಿಮ್ಮ ವಯಸ್ಸಿನವರು. ಯಹೂದಿಯಾಗಿ ಹುಟ್ಟಿದ್ದು ಬಿಟ್ಟರೆ ಬೇರೆ ತಪ್ಪು ಮಾಡಿರದವರು. ಅವರಿಗೆಲ್ಲ ಅಲ್ಲಿನ ರೈಲ್ವೆ ಗುಂಪಿನ ಲೆಕ್ಕದಲ್ಲಿ ದರ ಹಾಕಿತ್ತು, ಒಂದು ಕಡೆಯ ದರ ಮಾತ್ರ. ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ ಟಿಕೆಟ್. ಬೇರೆ ರೈಲುಗಳಿಗೆ ದಾರಿ ಬಿಡಲು ಆ ಗಾಡಿಗಳನ್ನು ಪಕ್ಕದ ಹಳಿಗೆ ತಳ್ಳಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ಬಾಗಿಲಿಗೆ ಹೊರಗಿನಿಂದ ಚಿಲಕ, ಒಳಗೆ ನೀರಿಲ್ಲ. ಮುಟ್ಟುವ ಮೊದಲೇ ಸತ್ತವರಿಗೆ ಲೆಕ್ಕವಿಲ್ಲ. ಮುಟ್ಟಿದವರಲ್ಲಿ ಹೆಚ್ಚಿನವರನ್ನು ಕೆಲವೇ ಗಂಟೆಗಳಲ್ಲಿ ಕೊಂದರು. ಯುದ್ಧ ಮುಗಿದ ಮೇಲೆ ಟೈಮ್‌ಟೇಬಲ್ ಹಾಕಿದವರನ್ನು ಕೇಳಿದರೆ, ನಾವು ರೈಲು ಓಡಿಸಿದೆವು ಅಷ್ಟೇ, ಒಳಗೇನಿತ್ತು ನಮಗೆ ಸಂಬಂಧವಿಲ್ಲ ಎಂದರು.

ಬಹುಮಾನದ ಪೆನ್ಸಿಲ್ ಹಿಡಿದವರು ಅದನ್ನು ಮೆಲ್ಲಗೆ ಬೆಂಚಿನ ಮೇಲಿಡುತ್ತಿದ್ದರು. ನಿಮ್ಮ ತಪ್ಪಿಲ್ಲ, ನಿಮಗೆ ಗೊತ್ತಿರಲಿಲ್ಲ ಎಂದು ಅವರಿಗೆ ಪ್ರತಿ ವರ್ಷ ಹೇಳುತ್ತಿದ್ದೆ. ಆದರೆ ಗಾಡಿಯಲ್ಲಿ ಏನಿದೆ ಎಂದು ನೀವು ಯಾರೂ ಕೇಳಲಿಲ್ಲ ಎಂದೂ ಹೇಳುತ್ತಿದ್ದೆ. ಒಬ್ಬ ತಂದೆ ಬಂದು ಹೆಡ್‌ಮಾಸ್ಟರ ಮುಂದೆ ಕೂಗಾಡಿದ್ದುಂಟು. ಮಕ್ಕಳು ಮಾತ್ರ ಮುಂದಿನ ವರ್ಷದವರಿಗೆ ಗುಟ್ಟು ಬಿಟ್ಟುಕೊಡುತ್ತಿರಲಿಲ್ಲ, ಅದು ಅವರವರೇ ಮಾಡಿಕೊಂಡ ಕಟ್ಟುಪಾಡು. ಮಾವ ಎರಡನೆಯ ಪೀರಿಯಡ್‌ನಲ್ಲಿ ಹಿಂದಿನ ಕುರ್ಚಿಯಲ್ಲಿ ಕೂತು ಪೆನ್ಸಿಲ್ ಚೂಪು ಮಾಡುತ್ತಿದ್ದರು. ಕೇಳಿಸಿಕೊಳ್ಳುತ್ತಿದ್ದರೋ ಇಲ್ಲವೋ, ನಾನು ನೋಡಲು ಹೋಗಲಿಲ್ಲ.

ಆರನೆಯ ವರ್ಷ ಕೆಲಸ ಕೆಟ್ಟಿತು. ಕೆಟ್ಟದ್ದು ರೈಲಿನವರಿಗೆ ಮಾತ್ರ ಬರಬಹುದಾದ ಒಂದು ಬುದ್ಧಿಯಿಂದ. ಚೌಕುಳಿ ಹಾಳೆ ಮುಗಿದಿತ್ತು. ನಾನು ಹೊಸದು ತರುತ್ತೇನೆಂದರೂ ಮಾವ ಕೇಳದೆ ತಮ್ಮ ತಗಡಿನ ಪೆಟ್ಟಿಗೆಯಿಂದ ಹಳೆಯ ಕಚೇರಿ ಹಾಳೆಗಳ ಸುರುಳಿ ತೆಗೆದರು. ಒಂದು ಬದಿ ಬಳಸಿದ್ದು, ಇನ್ನೊಂದು ಬದಿಯಲ್ಲಿ ಚೌಕುಳಿ ಖಾಲಿ. ಹಿಂಬದಿ ಬಿಳಿ ಇರುವ ಹಾಳೆಯನ್ನು ಎಸೆಯುವುದು ಅವರ ಪ್ರಕಾರ ಕಳ್ಳತನಕ್ಕೆ ಸಮ. ಆರು ಹಾಳೆ ಆರು ಗುಂಪಿಗೆ ಹಂಚಿದರು.

ಆ ವರ್ಷ ತರಗತಿಯಲ್ಲಿ ಒಬ್ಬ ಹುಡುಗಿ ಇದ್ದಳು. ಮಾತಿಗೆ ಮಾತು ಜೋಡಿಸಿ ವಾದ ಮಾಡುತ್ತಿದ್ದುದರಿಂದ ಎಲ್ಲರೂ ಅವಳನ್ನು ಲಾಯರ್ ಎನ್ನುತ್ತಿದ್ದರು. ಹೊಸ ಕಾಲೋನಿಯವಳು. ಆ ಕಾಲೋನಿಗೆ ಐವತ್ತು ವರ್ಷ ದಾಟಿದೆ, ಇನ್ನೂ ಅದು ಹೊಸದೇ. ಎರಡನೆಯ ಪೀರಿಯಡ್‌ನಲ್ಲಿ ನಾನು ಮಾತು ಮುಗಿಸಿದ ಮೇಲೆ, ಎಲ್ಲರೂ ತಲೆ ತಗ್ಗಿಸಿ ಕೂತಿದ್ದಾಗ, ಇವಳು ತನ್ನ ಗುಂಪಿನ ಹಾಳೆಯನ್ನು ತಿರುವಿ ಹಾಕಿ ಬೆರಳಿಟ್ಟು ಓದುತ್ತಿದ್ದಳು. ಓದಿದವಳು ಎದ್ದು ನಿಂತಳು.

"ತಾತ, ಈ ಕಡೇನೂ ಹಾಗೇ ಇದೆ. ಏಳು ಸ್ಪೆಷಲ್. ಹೋಗೋವಾಗ ಗೆರೆ, ಬರೋವಾಗ ಚುಕ್ಕೆ."

ಮಾವ ಕನ್ನಡಕ ಏರಿಸಿಕೊಂಡು ಹತ್ತಿರ ಹೋದರು. ಅವರಿಗೆ ಏನೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ಸುಮ್ಮನಾಗುತ್ತಿದ್ದರು. ಕಳೆದುಹೋದ ಸ್ನೇಹಿತ ಸಿಕ್ಕಂತೆ ಅವರ ಮುಖ ಅರಳಿತು. ಇದು ನನ್ನದೇ ಕೆಲಸ ಮಕ್ಕಳೇ ಎಂದು ಹಾಳೆಯನ್ನು ಎತ್ತಿ ಎಲ್ಲರಿಗೂ ತೋರಿಸಿದರು. ಮೂರು ದಿನದಲ್ಲಿ ಏಳು ಸ್ಪೆಷಲ್, ಮೂರೂ ದಿನದ ಗೆರೆ ಇದೊಂದೇ ಹಾಳೆಯಲ್ಲಿ, ಒಂಟಿ ಹಳಿ, ಎದುರಿಗೆ ಮೇಲ್. ದೊಡ್ಡ ದೊಡ್ಡವರು ಕೈಚೆಲ್ಲಿದ್ದರು. ಏಳನೇ ಗಾಡಿಯನ್ನು ನಾಲ್ಕನೇ ಸ್ಟೇಷನ್ನಿನ ಪಕ್ಕದ ಹಳಿಗೆ ಹಾಕಿ, ಮೇಲ್ ಹೋಗುವವರೆಗೆ ಅಲ್ಲೇ ನಿಲ್ಲಿಸಿದ್ದು ತಮ್ಮ ಉಪಾಯ. ಇಲ್ಲಿ ಅಡ್ಡ ಮಲಗಿದೆ ನೋಡಿ ಗೆರೆ, ಇದಕ್ಕೇ ತಮಗೆ ಪ್ರಶಸ್ತಿ ಬಂದದ್ದು ಎಂದರು.

ಹುಡುಗಿ ಗಾಡಿಯಲ್ಲಿ ಏನಿತ್ತು ಎಂದು ಕೇಳಲಿಲ್ಲ. ಯಾರಿದ್ದರು ಎಂದು ಕೇಳಿದಳು.

"ತೆರವಾದವರು" ಎಂದರು ಮಾವ. ಗುಡ್ಡದಾಚೆಯ ಹನ್ನೆರಡು ಹಳ್ಳಿಗಳನ್ನು ಸರಕಾರ ಒಂದೇ ವಾರದಲ್ಲಿ ಖಾಲಿ ಮಾಡಿಸಿದ ವರ್ಷ ಅದು, ಅಲ್ಲಿನವರನ್ನು ತಂದು ಕೂಡಿಸಿದ್ದು ನಮ್ಮೂರ ಹೊಸ ಕಾಲೋನಿಯಲ್ಲಿ. ಹಾಳೆಯ ಮೂಲೆಯಲ್ಲಿ ಅವರ ಚೆಂದದ ಅಕ್ಷರದಲ್ಲಿ 'ತೆರವು ಸ್ಪೆಷಲ್' ಎಂದು ಬರೆದಿತ್ತು. ಹಾಗೆ ಹೇಳುತ್ತ ಹೇಳುತ್ತಲೇ ಅವರ ದನಿ ಸಣ್ಣದಾಯಿತು. ಅದು ತಮ್ಮ ಬಾಯಿಂದ ಯಾವ ಕೋಣೆಯಲ್ಲಿ, ಯಾವ ಪಾಠ ಮುಗಿದ ಮೇಲೆ ಹೊರಬಿತ್ತು ಎಂಬುದು ಆಗ ಅವರಿಗೆ ತಟ್ಟಿರಬೇಕು.

"ನಮ್ಮ ಅಜ್ಜಿ ಬಂದಿದ್ದು ಏಳನೇ ಗಾಡೀಲಿ ತಾತ. ಅಜ್ಜಿಯ ತಮ್ಮ ಅಲ್ಲೇ ತೀರ್ಕೊಂಡಿದ್ದು, ನಿಂತಿದ್ದ ಗಾಡೀಲಿ."

ಗಂಟೆ ಹೊಡೆಯಿತು. ಒಂದು ಮಗುವೂ ಏಳಲಿಲ್ಲ. ಅದು ಬೇರೆ, ಇದು ಬೇರೆ ಎಂದು ನಾನು ಹೇಳಬೇಕಿತ್ತು, ಹೇಳಿದೆ ಕೂಡ. ಯಹೂದಿಗಳಿದ್ದ ಆ ಗಾಡಿಗಳು ಜನರನ್ನು ಕೊಲ್ಲಲೆಂದೇ ಒಯ್ದವು, ಒಂದಿಡೀ ಜನಾಂಗವೇ ಇಲ್ಲವಾಗಬೇಕೆಂದು ಒಯ್ದವು, ಈ ಎರಡನ್ನು ಒಂದೇ ತಕ್ಕಡಿಗೆ ಹಾಕಬಾರದು. ನಾನು ಅಂದದ್ದರಲ್ಲಿ ಎಳ್ಳಷ್ಟೂ ಸುಳ್ಳಿರಲಿಲ್ಲ. ಆದರೂ ಹೇಳುವಾಗ ನಾನು ಪಾಠ ಮಾಡುತ್ತಿದ್ದೇನೋ, ಮಾವನನ್ನು ಕಾಪಾಡುತ್ತಿದ್ದೇನೋ ನನಗೇ ತಿಳಿಯಲಿಲ್ಲ.

ಆ ದಿನ ಮಾವ ಊಟಕ್ಕೆ ಏಳಲಿಲ್ಲ. ಒಂದು ಎಂಟು ಹೋಯಿತು, ಎರಡು ಹೋಯಿತು. ನನ್ನ ಗಂಡ ಅವರ ಒಬ್ಬನೇ ಮಗ. ಕನ್ನಡಕದ ಅಂಗಡಿ ಇಟ್ಟುಕೊಂಡು ಊರಿನವರಿಗೆಲ್ಲ ಕಣ್ಣು ಕಾಣುವಂತೆ ಮಾಡುವ ಮನುಷ್ಯ, ಮನೆಗೆ ಬಂದು ವಿಷಯ ಕೇಳಿ ನನ್ನ ಮೇಲೆ ಹರಿಹಾಯ್ದ. ಈ ವಯಸ್ಸಿನಲ್ಲಿ ಅಪ್ಪನನ್ನು ಕಟಕಟೆ ಹತ್ತಿಸುವ ಪಾಠ ಯಾವ ಪುಸ್ತಕದಲ್ಲಿದೆ ಎಂದು ಕೇಳಿದ.

ಎರಡು ದಿನ ಬಿಟ್ಟು ಲಾಯರ್ ಹುಡುಗಿ ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಳು. ಅಜ್ಜಿ ಶನಿವಾರ ಶಾಲೆಗೆ ಬರುತ್ತಾರಂತೆ, ಗೆರೆ ಎಳೆದವರನ್ನು ಕಾಣಬೇಕಂತೆ, ಒಂದು ವಿಷಯ ಕೇಳುವುದಿದೆಯಂತೆ. ಏನು ವಿಷಯ ಎಂದು ಅವಳಿಗೂ ತಿಳಿಯದು. ಹೆಡ್‌ಮಾಸ್ಟರಿಗೆ ಸುದ್ದಿ ಹೋಗಿ ಅವರ ಮುಖ ಬಿಳುಚಿಕೊಂಡಿತು. ಕಾಲೋನಿಯವರೆಲ್ಲ ಗುಂಪು ಕಟ್ಟಿಕೊಂಡು ಬಂದರೆ ಗತಿಯೇನು, ನಿಮ್ಮ ಮಾವನಿಗೆ ಜ್ವರ ಎಂದು ಹೇಳಿ ತಪ್ಪಿಸಿಬಿಡಿ ಎಂದರು. ಗೇಟಿನ ವಾಚ್‌ಮನ್ನಿಗೆ ಶನಿವಾರ ಗೇಟಿಗೆ ಬೀಗ ಹಾಕಿರುವಂತೆ ಹೇಳಿದ್ದೂ ನನ್ನ ಕಿವಿಗೆ ಬಿತ್ತು.

ಮಾವನಿಗೆ ಹೇಳಿದೆ. ಅವರು ತಮ್ಮ ಕೋಣೆಯ ಮೇಜಿನ ಮೇಲೆ ಆ ಹಾಳೆ ಹರಡಿಕೊಂಡಿದ್ದರು.

"ಆರ್ಡರು ಮೇಲಿಂದ ಬಂದಿತ್ತಮ್ಮ. ನಾನು ಗೆರೆ ಎಳೆದೆ ಅಷ್ಟೇ. ಒಳಗಿನದು ನನಗೆ..."

ಅಲ್ಲಿಗೆ ನಿಲ್ಲಿಸಿದರು. ಆ ಮಾತನ್ನು ನಾನು ಪ್ರತಿ ವರ್ಷ ತರಗತಿಯಲ್ಲಿ ಓದಿ ಹೇಳುತ್ತೇನೆ. ಅವರು ಹಿಂದಿನ ಕುರ್ಚಿಯಲ್ಲಿ ಕೂತು ಐದು ವರ್ಷ ಅದನ್ನು ಕೇಳಿಸಿಕೊಂಡೇ ಇದ್ದರು ಎಂದು ನನಗೆ ಗೊತ್ತಾದದ್ದು ಆ ಕ್ಷಣದಲ್ಲಿ. ನಾನು ಅಡುಗೆಮನೆಗೆ ಹೋದೆ.

ಅಂದಿನಿಂದ ಅವರ ಕೋಣೆಯ ಬಾಗಿಲು ಹಗಲೆಲ್ಲ ಮುಚ್ಚಿರುತ್ತಿತ್ತು. ಸ್ಕೇಲು ಸರಿಯುವ ಸದ್ದು, ರಬ್ಬರು ಉಜ್ಜುವ ಸದ್ದು ಕೇಳುತ್ತಿತ್ತು. ಕರೆದರೆ ಬರುವರು, ತಿನ್ನುವರು, ಗಡಿಯಾರದ ಕಡೆ ತಲೆ ಎತ್ತಿಯೂ ನೋಡದೆ ಹೋಗುವರು. ಗಡಿಯಾರ ನೋಡದ ಮಾವನನ್ನು ಕಂಡು ನನಗೆ ನಿಜಕ್ಕೂ ಭಯವಾಯಿತು.

ಗುರುವಾರ ಮಧ್ಯಾಹ್ನ ಅವರು ಕ್ಷೌರಕ್ಕೆ ಹೋದಾಗ ಕೋಣೆ ಗುಡಿಸಲು ಹೋದೆ. ಮೇಜಿನ ಮೇಲೆ ಹೊಸ ಹಾಳೆ. ಅದೇ ಏಳು ಸ್ಟೇಷನ್, ಅದೇ ಏಳು ಗಾಡಿಗಳು, ಎಲ್ಲವನ್ನೂ ಮತ್ತೆ ಎಳೆದಿದ್ದರು. ಆರು ವರ್ಷದಲ್ಲಿ ನಾನೂ ಗೆರೆ ಓದಲು ಕಲಿತಿದ್ದೆ. ಹಳೆಯ ಹಾಳೆಯಲ್ಲಿ ನಾಲ್ಕನೇ ಸ್ಟೇಷನ್ನಿನಲ್ಲಿ ಮೂರು ಬೆರಳಗಲ ಅಡ್ಡ ಮಲಗಿದ್ದ ಏಳನೇ ಗೆರೆ ಹೊಸದರಲ್ಲಿ ಮಲಗಿರಲೇ ಇಲ್ಲ. ನೇರವಾಗಿ ಐದನೇ ಸ್ಟೇಷನ್ನಿಗೆ ಇಳಿದಿತ್ತು. ಅಲ್ಲಿ ಕೆಂಪು ಗೆರೆ, ಮೇಲ್ ಗಾಡಿಯ ಗೆರೆ, ಉಗುರಿನಷ್ಟು ಅಡ್ಡವಾಗಿ ಇದಕ್ಕೆ ಕಾಯುತ್ತಿತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದರು: ಹನ್ನೊಂದು ನಿಮಿಷ.

ನಾನು ಪೊರಕೆ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ದಾರಿ ಇತ್ತು. ಐವತ್ತೊಂದು ವರ್ಷದ ಹಿಂದೆ ಯಾರಾದರೂ ಹುಡುಕಿದ್ದರೆ ಸಿಗುತ್ತಿತ್ತು. ಹುಡುಕಲಿಲ್ಲ ಯಾಕೆಂದರೆ ಮೇಲನ್ನು ಮುಟ್ಟಕೂಡದು. ಇದನ್ನು ಈ ಮನುಷ್ಯ ಆ ಅಜ್ಜಿಗೆ ಹೇಳುತ್ತಾರೋ, ಹೇಳದೆ ಮುಚ್ಚಿಡುತ್ತಾರೋ? ಹೇಳಿದರೆ ಆಕೆ ಏನಾಗಬಹುದು, ಇವರೇನಾಗಬಹುದು? ಹಾಳೆಯನ್ನು ಹರಿದು ಒಲೆಗೆ ಹಾಕಿಬಿಡಲೇ ಎಂದು ಒಂದು ಗಳಿಗೆ ಅನ್ನಿಸಿತು. ಇತಿಹಾಸದ ಟೀಚರಿಗೆ ಅನ್ನಿಸಬಾರದ್ದು, ಅನ್ನಿಸಿತು. ಹಾಳೆ ಇದ್ದಲ್ಲೇ ಇಟ್ಟು ಬಾಗಿಲೆಳೆದುಕೊಂಡೆ.

ಶನಿವಾರ ಅರ್ಧ ದಿನದ ಶಾಲೆ, ಮಕ್ಕಳೆಲ್ಲ ಮನೆಗೆ ಹೋಗಿದ್ದರು. ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹತ್ತು ನಿಮಿಷ ಮೊದಲೇ ಬಂದು ತರಗತಿಯಲ್ಲಿ ಕೂತಿದ್ದರು, ಕಂಕುಳಲ್ಲಿ ಎರಡು ಸುರುಳಿ. ಗೇಟಿಗೆ ಬೀಗ ಹಾಕಿತ್ತು. ನಾನೇ ಹೋಗಿ ವಾಚ್‌ಮನ್ನಿನ ಕೈಯಿಂದ ಕೀಲಿ ಕಿತ್ತುಕೊಂಡು ತೆಗೆದೆ. ಗುಂಪೂ ಇಲ್ಲ, ಗಲಾಟೆಯೂ ಇಲ್ಲ. ಲಾಯರ್ ಜೊತೆ ಅರವತ್ತರ ಒಬ್ಬ ಹೆಂಗಸು, ಕೈಯಲ್ಲಿ ನೀರಿನ ಬಾಟಲಿ. ಹೆಡ್‌ಮಾಸ್ಟರು ಕಿಟಕಿಯಿಂದ ನೋಡಿ ಒಳಗೆ ಸರಿದರು.

ಆಕೆ ಬೆಂಚಿನ ತುದಿಯಲ್ಲಿ ಕೂತು ಮೊದಲು ಬೋರ್ಡನ್ನು ನೋಡಿದರು. ನನ್ನ ಪಾಠದ ಹಾಳೆ ಇನ್ನೂ ಅಲ್ಲೇ ಇತ್ತು. ಮೊಮ್ಮಗಳು ಎಲ್ಲವನ್ನೂ ಹೇಳಿದ್ದಳಂತೆ.

"ಮೇಡಂ, ಆ ಜನರ ಜೊತೆ ನಮ್ಮನ್ನ ಸೇರಿಸ್ಬೇಡಿ. ನಾವು ಇಳಿದ್ವಿ. ಅವರನ್ನ ಇಳಿಸಿದ್ದು ಸಾಯಿಸೋಕೆ."

ಆಮೇಲೆ ಮಾವನ ಕಡೆ ತಿರುಗಿ, ಸಿಟ್ಟಿಲ್ಲದೆ, ನಡೆದದ್ದನ್ನು ಹೇಳಿದರು. ಆಗ ಅವರಿಗೆ ಒಂಬತ್ತು ವರ್ಷ, ತಮ್ಮನಿಗೆ ಎಂಟು ತಿಂಗಳು. ಬೇಸಿಗೆ. ತಗಡಿನ ಬೋಗಿ, ಕೊನೆಯ ಊರು ಮುಟ್ಟುವವರೆಗೆ ಬಾಗಿಲು ತೆಗೆಯಬಾರದೆಂದು ಹುಕುಂ. ಗಾಡಿ ಒಂದು ಕಡೆ ನಿಂತಿತು. ಹಲಗೆಯ ಸಂದಿನಲ್ಲಿ ನೋಡಿದರೆ ಪ್ಲಾಟ್‌ಫಾರ್ಮಿನ ನಲ್ಲಿ ಕಾಣುತ್ತಿತ್ತು, ಅದರಿಂದ ಹನಿ ಬೀಳುತ್ತಿತ್ತು. ಅಪ್ಪ ಬಾಗಿಲು ಬಡಿದ. ಈಗ ಹೊರಡುತ್ತೆ ಸುಮ್ಮನಿರಯ್ಯ ಎಂದರು ಜೊತೆಯವರು. ಅಪ್ಪ ಸುಮ್ಮನಾದ. ತಮ್ಮ ಮೊದಲು ಅತ್ತ, ಆಮೇಲೆ ಅಳು ನಿಲ್ಲಿಸಿದ. ಆಮೇಲೆ ಮನೆಯಲ್ಲಿ ಅದೇ ಜಗಳ. ಸಂಜೆಯವರೆಗೆ ನಿಂತಿತ್ತು, ಒಂದು ಬಾಗಿಲು ಮುರಿಯಲು ನಿನ್ನಿಂದ ಆಗಲಿಲ್ಲ ಎಂದು ಅಮ್ಮ. ಸ್ವಲ್ಪ ಹೊತ್ತು ಕಣೇ, ಈಗ ಹೊರಡುತ್ತೆ ಅಂತಲೇ ಕೂತಿದ್ದೆ ಎಂದು ಅಪ್ಪ. ಆ ಒಂದು ಮಾತಿಗೆ ಇಬ್ಬರೂ ಒಂದೇ ಸೂರಿನಡಿ ಇಪ್ಪತ್ತು ವರ್ಷ ಮಾತುಬಿಟ್ಟಿದ್ದರು, ಹಾಗೇ ಸತ್ತರು.

"ನಂಗೆ ಇನ್ನೇನೂ ಬೇಡ. ಎಷ್ಟು ಹೊತ್ತು ನಿಂತಿತ್ತು ಹೇಳಿ."

ಮಾವ ಹಳೆಯ ಸುರುಳಿ ಬಿಚ್ಚಲಿಲ್ಲ, ಅವರಿಗೆ ಅದು ಬೇಕಿರಲಿಲ್ಲ.

"ಹನ್ನೆರಡು ಎಂಟಕ್ಕೆ ಬಂತು. ಒಂದು ಮೂವತ್ತೆರಡಕ್ಕೆ ಹೊರಟಿತು. ಒಂದು ಗಂಟೆ ಇಪ್ಪತ್ತನಾಲ್ಕು ನಿಮಿಷ."

ಆಕೆ ತುಟಿಯೊಳಗೇ ಅದನ್ನು ಎರಡು ಸಲ ಹೇಳಿಕೊಂಡರು. ಹಾಗಾದರೆ ಅಪ್ಪ ಅಮ್ಮ ಇಬ್ಬರೂ ಸುಳ್ಳು ಹೇಳಲಿಲ್ಲ, ಅವರವರಿಗೆ ಹಾಗೇ ಅನ್ನಿಸಿತ್ತು ಎಂದರು. ಗಾಡಿಯನ್ನು ಯಾಕೆ ನಿಲ್ಲಿಸಿದಿರಿ ಎಂದು ಕೇಳಿದರು. ಎದುರಿನಿಂದ ಮೇಲ್ ಬರುವುದಿತ್ತು ಎಂದರು ಮಾವ.

"ಬಂತಾ?"

"ಬಂತು. ಸರಿಯಾದ ಟೈಮಿಗೆ."

ಹುಡುಗಿ ಅಜ್ಜಿಯ ಸೆರಗು ಹಿಡಿದುಕೊಂಡಿದ್ದಳು. ಆಕೆ ಬಾಟಲಿಯ ಮುಚ್ಚಳ ತಿರುವಿದರು, ಕುಡಿಯದೆ ಮತ್ತೆ ಮುಚ್ಚಿದರು. ಆಮೇಲೆ, ಎದುರಿಗಿದ್ದ ಮುದುಕನನ್ನು ನೋಡಿ ಅವರಿಗೇ ಕನಿಕರ ಬಂತೋ ಏನೋ, ಒಂದು ಬಾಗಿಲು ತೆರೆದುಕೊಟ್ಟರು.

"ನಿಲ್ಸದೇ ಬೇರೆ ದಾರಿ ಇರ್ಲಿಲ್ಲ ಅಲ್ವಾ. ಮೇಲಿನೋರ ಆರ್ಡರು."

ಹೌದೆನ್ನಿ ಮಾವ ಎಂದು ನಾನು ಮನಸ್ಸಿನಲ್ಲೇ ಅಂಗಲಾಚಿದೆ. ತಲೆ ಅಲ್ಲಾಡಿಸಿದರೆ ಸಾಕು, ಮುಗಿಯಿತು. ಆಕೆ ಸಮಾಧಾನವಾಗಿ ಮನೆಗೆ ಹೋಗುತ್ತಾರೆ, ಇವರು ನಾಳೆಯಿಂದ ಒಂದು ಎಂಟಕ್ಕೆ ಊಟಕ್ಕೆ ಕೂರುತ್ತಾರೆ. ಮಾವ ಹೊಸ ಸುರುಳಿಯನ್ನು ಬೆಂಚಿನ ಮೇಲೆ ಬಿಚ್ಚಿದರು, ಅದು ಮತ್ತೆ ಮತ್ತೆ ಸುತ್ತಿಕೊಳ್ಳುತ್ತಿತ್ತು, ಹುಡುಗಿ ಎರಡು ತುದಿ ಒತ್ತಿ ಹಿಡಿದಳು.

"ಇತ್ತಮ್ಮ. ಮೇಲನ್ನ ಐದನೇ ಸ್ಟೇಷನ್ನಲ್ಲಿ ಹನ್ನೊಂದು ನಿಮಿಷ ನಿಲ್ಸಿದ್ರೆ ಸಾಕಿತ್ತು. ನಿಮ್ಮ ಗಾಡಿ ನಿಲ್ಲದೇ ಹೋಗ್ತಿತ್ತು. ನಾನು ಹುಡುಕ್ಲಿಲ್ಲ."

ಆಕೆ ಹಾಳೆಯನ್ನು ನೋಡಿದರು. ಕೆಂಪು ಗೆರೆ ಅಡ್ಡ ಮಲಗಿದ್ದಲ್ಲಿ ಕಿರುಬೆರಳಿಟ್ಟರು. ಬೆರಳಿಟ್ಟರೆ ಅದು ಪೂರ್ತಿ ಮುಚ್ಚಿಹೋಗುತ್ತಿತ್ತು.

"ಹನ್ನೊಂದು ನಿಮಿಷ ತಡ ಆಗಿದ್ರೆ ನಿಮಗೇನಾಗ್ತಿತ್ತು?"

"ಒಂದು ಮೆಮೊ ಬರ್ತಿತ್ತು."

"ಅಂದ್ರೆ?"

"ಯಾಕೆ ತಡ ಆಯ್ತು ಅಂತ ಬರೆದು ಕೊಡಿ ಅಂತ ಒಂದು ಕಾಗದ."

ಮಾವ ಏನೋ ಹೇಳಲು ಸಿದ್ಧ ಮಾಡಿಕೊಂಡು ಬಂದಿದ್ದರು, ಬಾಯಿ ತೆರೆದರು. ಆಕೆ ಬೇಡವೆಂದು ಕೈ ಎತ್ತಿದರು. ಬೈಯಲಿಲ್ಲ, ಶಪಿಸಲಿಲ್ಲ, ಕ್ಷಮಿಸಿದೆ ಎಂದೂ ಹೇಳಲಿಲ್ಲ. ನೀರಿನ ಬಾಟಲಿ ಎತ್ತಿಕೊಂಡು, ಮೊಮ್ಮಗಳ ಭುಜ ಹಿಡಿದು ನಿಧಾನವಾಗಿ ಮೆಟ್ಟಿಲಿಳಿದು ಹೋದರು.

ಮಾವ ಇನ್ನು ಶಾಲೆಗೆ ಕಾಲಿಡುವುದಿಲ್ಲ ಎಂದುಕೊಂಡಿದ್ದೆ. ಮುಂದಿನ ವರ್ಷ ಪಾಠ ಬಂದಾಗ ತಾವೇ ಹೊಸ ಹಾಳೆ ಕೊಂಡು ತಂದರು. ಮೊದಲ ಪೀರಿಯಡ್ ಅದೇ, ಲೆಕ್ಕವೂ ಅದೇ. ಒಂದೇ ಒಂದು ವಾಕ್ಯ ಬಿಟ್ಟರು. ಮೇಲ್ ಗಾಡಿಯನ್ನು ಮುಟ್ಟಕೂಡದು ಎಂದು ಈಗ ಅವರು ಹೇಳುವುದಿಲ್ಲ. ಮುಟ್ಟಿ ಎಂದೂ ಹೇಳುವುದಿಲ್ಲ. ಎರಡನೆಯ ಪೀರಿಯಡ್‌ನಲ್ಲಿ ನಾನು ಯಹೂದಿಗಳ ಬಗ್ಗೆ ಹೇಳಿ ಮುಗಿಸಿದ ಮೇಲೆ ಅವರು ಹಿಂದಿನ ಕುರ್ಚಿಯಿಂದ ಎದ್ದು ಬಂದು ತಮ್ಮ ಎರಡು ಹಾಳೆಗಳನ್ನು ಬೋರ್ಡಿಗೆ ಅಂಟಿಸಿ, ಇದನ್ನು ಎಳೆದದ್ದು ನಾನು ಎಂದು ಶುರುಮಾಡುತ್ತಾರೆ.

ಕೆಂಪು ಪೆನ್ಸಿಲ್ ಈಗಲೂ ಬಹುಮಾನವೇ. ಮೇಲನ್ನು ನಿಲ್ಲಿಸಿ ಸ್ಪೆಷಲ್‌ಗೆ ದಾರಿ ಬಿಟ್ಟ ಗುಂಪಿಗೆ ಕೊಡಬೇಕೆಂದು ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು ಬರುತ್ತಾರೆ, ನನಗೆ ಬಿಟ್ಟು ಯಾರಿಗೂ ಇದು ಗೊತ್ತಿಲ್ಲ. ಮಕ್ಕಳು ಹಾಳೆಯ ಮೇಲೆ ಬಗ್ಗಿ ಒದ್ದಾಡುವುದನ್ನು ಬೆನ್ನ ಹಿಂದೆ ಕೈಕಟ್ಟಿ ನಿಂತು ನೋಡುತ್ತಾರೆ. 'ತಾತ, ನಮ್ಮದಾಯ್ತು, ಮೇಲ್ ಒಂದು ನಿಮಿಷಾನೂ ತಡ ಆಗ್ಲಿಲ್ಲ' ಎಂದು ಮಕ್ಕಳು ಕೂಗುತ್ತಾರೆ. ಮಾವ ಹೋಗಿ ನೋಡುತ್ತಾರೆ, ತಲೆ ಮೊಟಕುವುದಿಲ್ಲ, ಮುಂದಿನ ಗುಂಪಿಗೆ ಹೋಗುತ್ತಾರೆ.

ಆ ಶನಿವಾರದ ಮೇಲೆ ಇದು ಐದನೆಯ ವರ್ಷ. ಪೆನ್ಸಿಲ್ ಇನ್ನೂ ಅವರ ಜೇಬಿನಲ್ಲೇ ಇದೆ.